ತಾಯಿಯ ಹೆಸರು

ಗೋರಿಯ ಬಾಯಿಗೆ ಕೊನೆಯ ಕಲ್ಲು ಕೂರಿಸಿದಾಗಲೂ ಬಯ್ಯೂಮಿಗೆ ಅಳು ಬರಲಿಲ್ಲ. ಒಳಗೆ ಮಲಗಿದ್ದವನು ಅವನ ಅಣ್ಣ ರಿಜ್ಕ್.

ಬಯ್ಯೂಮಿಯ ಕಣ್ಣೆಲ್ಲ ತಾಯಿಯ ಮೇಲಿತ್ತು. ಹೆಂಗಸರೊಂದಿಗೆ ಗೋಡೆಯ ಬಳಿ ನಿಂತಿದ್ದ ಮುದುಕಿ ನಬವಿಯಾ ತಲೆವಸ್ತ್ರದ ಅಂಚು ಕಚ್ಚಿಕೊಂಡು ಬಿಕ್ಕುತ್ತಿದ್ದಳು. ತಾನು ಸತ್ತಿದ್ದರೆ ಇಷ್ಟು ಅಳುತ್ತಿದ್ದಳೇ? ಪ್ರಶ್ನೆ ಎದೆ ಕೊರೆಯಿತು.

ಬುದ್ಧಿ ಬಂದಾಗಿನಿಂದ ಇದೇ. ಮೀನಿನ ನಡುತುಂಡು ರಿಜ್ಕ್‌ಗೆ, ತಲೆ ಇವನಿಗೆ. ಇಬ್ಬರೂ ಸೇರಿ ಗಾಜು ಒಡೆದರೆ ಏಟು ಇವನೊಬ್ಬನಿಗೆ. ಅಣ್ಣನ ಮೇಲೆ ಅವಳು ಒಂದು ದಿನವೂ ಕೈ ಎತ್ತಲಿಲ್ಲ. ಯುದ್ಧದ ವರ್ಷ ಪೋರ್ಟ್ ಸಯೀದ್ ಬಿಟ್ಟು ಓಡಿಬಂದಾಗ ಅವಳ ಮಡಿಲಲ್ಲಿದ್ದ ಕೂಸು ಅವನು. ಇವನು ಹುಟ್ಟಿದ್ದು ದಮಿಯಾತಕ್ಕೆ ಬಂದ ಮೇಲೆ. ಕಷ್ಟದಲ್ಲಿ ಜೊತೆಗಿದ್ದ ಮಗನ ಮೇಲೆ ಮಮತೆ ಹೆಚ್ಚು ಎಂದು ಬಯ್ಯೂಮಿ ಸಮಾಧಾನ ಹೇಳಿಕೊಂಡದ್ದೂ ಉಂಟು. ಆದರೆ ತಂದೆ ಬದುಕಿರುವಾಗಲೇ ಮರಗೆಲಸದ ಅಂಗಡಿಯನ್ನು ಅವಳು ಹಟ ಹಿಡಿದು ಹಿರಿಯನ ಹೆಸರಿಗೆ ಬರೆಸಿದಾಗ ತಡೆಯಲಾಗಲಿಲ್ಲ.

"ನಾನು ನಿನ್ನ ಮಗ ಅಲ್ವೇನಮ್ಮಾ?" ಎಂದು ಕೇಳಿಯೇಬಿಟ್ಟಿದ್ದ.

"ಮೆಲ್ಲಗೆ ಮಾತಾಡು. ಅವನ ಕಿವಿಗೆ ಬಿದ್ದೀತು" ಎಂದಿದ್ದಳು. ಅಷ್ಟೇ.

ಜನ ಒಬ್ಬೊಬ್ಬರಾಗಿ ಹಿಂದೆ ಸರಿದರು. ಹೊರಡುವವರ ಹೆಜ್ಜೆಸಪ್ಪಳ ಸತ್ತವನಿಗೆ ಕೇಳಿಸುತ್ತದೆ. ಅದು ಅಡಗಿದ ಕೂಡಲೇ ಮುನ್ಕರ್, ನಕೀರ್ ಎಂಬ ದೇವದೂತರಿಬ್ಬರು ಬಂದು ಅವನನ್ನು ಎಬ್ಬಿಸಿ ಕೂರಿಸುತ್ತಾರೆ. ನಿನ್ನ ದೇವರು ಯಾರು, ಧರ್ಮ ಯಾವುದು, ಪ್ರವಾದಿ ಯಾರು ಎಂದು ಕೇಳುತ್ತಾರೆ. ಉತ್ತರ ತಪ್ಪಿದವನನ್ನು ಮಣ್ಣು ಪಕ್ಕೆಲುಬು ಮುರಿಯುವಂತೆ ಅದುಮುತ್ತದೆ. ಅಣ್ಣ ಒಂದಿಷ್ಟು ತಡವರಿಸಲಿ ಎನಿಸಿತು ಬಯ್ಯೂಮಿಗೆ. ಮರುಗಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಸತ್ತವನಿಗೆ ಉತ್ತರ ನೆನಪಿಸಿಕೊಡಲು ಧರ್ಮಗುರು ಶೇಖ್ ಗೋರಿಯ ತಲೆಯ ಕಡೆ ಕುಳಿತರು. ಆ ಹೊತ್ತಿನಲ್ಲಿ ಅವನನ್ನು ಕರೆಯುವುದು ತಂದೆಯ ಹೆಸರು ಹಿಡಿದಲ್ಲ, ತಾಯಿಯ ಹೆಸರು ಹಿಡಿದು. ಇವನ ತಾಯಿಯ ಹೆಸರೇನೆಂದು ಅವರು ಬಯ್ಯೂಮಿಯನ್ನು ಮೆಲ್ಲಗೆ ವಿಚಾರಿಸಿದರು.

ಎಲ್ಲ ಕೊಟ್ಟಾಯಿತು, ಇನ್ನು ಇದನ್ನೂ ಅವನಿಗೇ ಕೊಡಬೇಕು. ಬಯ್ಯೂಮಿ ಹಲ್ಲು ಕಚ್ಚಿಕೊಂಡು ಹೇಳಿದ, "ನಬವಿಯಾ."

"ಬೇಡ ಮೌಲಾನಾ." ಮುದುಕಿ ಗೋಡೆ ಬಿಟ್ಟು ಮುಂದೆ ಬಂದಿದ್ದಳು. "ದೇವದೂತರ ಮುಂದೆ ಸುಳ್ಳು ನಡೆಯಲ್ಲ. ಎಲ್ಲರಿಗೂ ತಾಯಿ ಹವ್ವಾ ಇದ್ದಾಳಲ್ಲ, ಹವ್ವಾಳ ಮಗ ಅಂತ ಕರೀರಿ. ಬಾಂಬು ಬಿದ್ದ ಬೀದೀಲಿ ಅಳ್ತಾ ಇದ್ದ ಕೂಸು ಅದು. ಹೆತ್ತೋಳು ಯಾರು ಅಂತ ನನಗೂ ಗೊತ್ತಿಲ್ಲ."