ಗಾದ್ರಮ್ಮನ ಹೆಜ್ಜೆ

ಹೊಂಡದ ಅಂಚಿನಲ್ಲಿ ನಡೆದಾಡಲೆಂದು ಹೊಸದಾಗಿ ಕೂರಿಸಿದ್ದ ಕಲ್ಲುಗಳಲ್ಲಿ ನಾಲ್ಕನೆಯದರ ಮೇಲೆ ನಿಂತು ಬುಡನ್‌ಸಾಬ್ ಅಡ್ಡಡ್ಡ ತಲೆಯಾಡಿಸಿದ. “ಇಪ್ಪತ್ತೆರಡೂ ಕೀಳಾಕೆ ಬೇಕು, ಟೀಚರ್. ಅಳತೆ ತಪ್ಪೈತೆ.”

ಮಮತಾ ಟೇಪು ಎಳೆದು ಮತ್ತೊಮ್ಮೆ ನೋಡಿದಳು. ಕಲ್ಲಿನಿಂದ ಕಲ್ಲಿಗೆ ತಾನು ಹಾಕಿಸಿದ್ದ ಒಂದೂವರೆ ಅಡಿ, ಎಲ್ಲೂ ಹೆಚ್ಚುಕಡಿಮೆ ಇಲ್ಲ. ಹೊನ್ನಾಳಿಯ ಬುದ್ಧವಿಹಾರದ ಹಿಂದೆ ಮೂವತ್ತಾರು ವರ್ಷದ ಕೆಳಗೆ ಕೇರಿಯವರೆಲ್ಲ ಸೇರಿ ಮಾಡಿದ್ದ ಜಪಾನಿ ತೋಟವನ್ನು ಮೊದಲಿದ್ದ ಹಾಗೇ ನಿಲ್ಲಿಸುವುದು ಅವಳ ಹೊಣೆಯಾಗಿತ್ತು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಅವಳನ್ನೇ ಕೇರಿಯವರು ತೋಟದ ಸಮಿತಿಗೆ ಕಾರ್ಯದರ್ಶಿ ಮಾಡಿದ್ದರು. ಭತ್ತದ ನಾಟಿ ಯಂತ್ರ ಕಲಿಸಲು ಬಂದು ಎರಡು ವರ್ಷ ಇಲ್ಲಿದ್ದ ಹಯಾಶಿ ಎಂಬ ಜಪಾನಿನವನು ತೋಟಕ್ಕೆ ನಕ್ಷೆ ಬರೆದಿಟ್ಟಿರಲಿಲ್ಲ. ಆತ ಹೋದ ಮೇಲೆ ಹೊಂಡ ಹೂಳು ತುಂಬಿತು, ಬಿದಿರು ಒಣಗಿತು, ಹೊಳೆಯಿಂದ ತಂದಿದ್ದ ಚಪ್ಪಟೆ ಕಲ್ಲುಗಳು ಒಂದೊಂದಾಗಿ ಮನೆಮನೆಯ ಬಚ್ಚಲು ಸೇರಿದವು. ಮಮತಾ ಅವನ್ನೆಲ್ಲ ಕೇಳಿ, ಕಾಡಿ ವಾಪಸ್ ತಂದಿದ್ದಳು. ಎಲ್ಲಿ, ಹೇಗೆ ಇಡಬೇಕೆಂದು ಹೇಳಬಲ್ಲವನು ಅಂದು ಕಲ್ಲು ಕೂರಿಸಿದ ಬುಡನ್‌ಸಾಬ್ ಒಬ್ಬನೇ.

“ಹಂಗಾದ್ರೆ ಆಗ ಎಷ್ಟು ಅಡಿಗೆ ಇಟ್ಟಿದ್ರಿ?”

“ಅಡಿ ಎಲ್ಲಿತ್ತು? ಗಾದ್ರಮ್ಮನ ಹೆಜ್ಜೆಗೆ ಇಟ್ಟಿದ್ವಿ.”

ಗಾದ್ರಮ್ಮ ಈಗ ಬಿಳಿಚೋಡು ಎಂಬ ಊರಿನಲ್ಲಿ ಅಂಗನವಾಡಿ ಸಹಾಯಕಿ ಎಂದು ತಿಳಿಯಲು ಎರಡು ದಿನ ಹಿಡಿಯಿತು. ಫೋನಿನಲ್ಲಿ ಎರಡು ಸಲ ಬರುವುದಿಲ್ಲ ಎಂದಳು. ಮೂರನೆಯ ಸಲ ಫೋನು ಇಟ್ಟುಬಿಟ್ಟಳು. ಆದರೂ ಭಾನುವಾರ ಬೆಳಿಗ್ಗೆ ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಬಂದು, ಕೋಲೂರಿಕೊಂಡು ತೋಟದ ಗೇಟಿನ ಹೊರಗೇ ನಿಂತಳು. ಎಡಗಾಲು ಚಿಕ್ಕಂದಿನಲ್ಲೇ ಪೋಲಿಯೊಗೆ ಸಿಕ್ಕಿ ಸಣಕಲಾಗಿತ್ತು.

“ಒಳಗೆ ಬರ್ರಿ,” ಎಂದಳು ಮಮತಾ.

“ಯಾಕೆ ಕರೆಸಿದ್ರಿ ಅಂತ ಕೇಳಾಕೆ ಬಂದೀನಿ, ಅಷ್ಟೇ. ಆಗ ಹತ್ತೊಂಬತ್ತು ವರ್ಷ ನನಗೆ. ಈ ತೋಟಕ್ಕೆ ದಿನಾ ಬೋರಿನಿಂದ ನೀರು ಹೊರ್ತಿದ್ದೆ. ಆ ಜಪಾನಪ್ಪ ನನ್ನ ಕುಂಟು ನಡಿಗೆ ನೋಡಿ ಹಂಗೇ ಕಲ್ಲು ಜೋಡಿಸಿದ. ಕೇರಿ ಹುಡುಗ್ರೆಲ್ಲ ಅದರ ಮೇಲೆ ಕುಂಟ್ಕೊಂಡು ಕುಣಿದ್ರು, ಗಾದ್ರಿ ನಡಿಗೆ, ಗಾದ್ರಿ ನಡಿಗೆ ಅಂತ. ಕೊಡ ಅಲ್ಲೇ ಇಟ್ಟು ಹೋದೋಳು ಈ ಗೇಟು ದಾಟಿಲ್ಲ. ಈಗ ಮತ್ತೆ ಅದನ್ನೇ ಮಾಡಾಕೆ ಹೊಂಟೀರಾ?”

ಮಮತಾ ಬುಡನ್‌ಸಾಬನ ಕಡೆ ತಿರುಗಿದಳು. ಅವನು ಗೇಟಿನವರೆಗೆ ನಿಧಾನವಾಗಿ ನಡೆದು ಬಂದ.

“ಅವನು ಆಡ್ಕೊಂಡಿಲ್ಲವ್ವ. ಹಿಂದಿನ ದಿನ ನೀನು ತುಂಬಿದ ಕೊಡ ಹೊತ್ತು ಕೆಸರಲ್ಲಿ ಜಾರಿ ಬಿದ್ದಿದ್ದಿ, ನೆನಪೈತಾ? ನೀ ನಡೆದ ಗುರುತಿನ ಮೇಲೇ ಕಲ್ಲು ಇಡಿಸಿದ, ಇನ್ನೊಂದು ಸಲ ಬೀಳಬಾರ್ದು ಅಂತ. ಭಾಷೆ ಬರ್ತಿರಲಿಲ್ಲ, ಕೈಸನ್ನೆ ಮಾಡಿ ನನಗೆ ಹೇಳಿದ. ನನಗೆ ತಿಳೀತು.”

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಆ ಹುಡುಗ್ರಿಗೆ ಯಾಕೆ ಹೇಳಲಿಲ್ಲ? ನನಗಾದ್ರೂ?”

ಬುಡನ್‌ಸಾಬ್ ಹೆಗಲ ಮೇಲಿನ ಟವೆಲನ್ನು ತೆಗೆದು ಕೈಗೆ ಸುತ್ತಿಕೊಂಡ. “ಅವರು ನಕ್ಕರು. ನಾನೂ ನಕ್ಕೆ.” ಟವೆಲನ್ನು ಬಿಚ್ಚುತ್ತ ಹೇಳಿದ: “ನೀ ಬರೋದು ಬಿಟ್ಟ ಮೇಲೆ ಅವನೇ ನೀರು ಹೊತ್ತ, ಊರಿಗೆ ಹೋಗೋ ತನಕ. ಕಲ್ಲಿನ ಮೇಲೆ ಮಾತ್ರ ಕಾಲಿಡಲಿಲ್ಲ. ಪಕ್ಕದ ಕೆಸರಲ್ಲೇ ನಡೀತಿದ್ದ.”

ರಸ್ತೆಯಲ್ಲಿ ಮೆಕ್ಕೆಜೋಳದ ಮೂಟೆ ಹೇರಿದ ಟ್ರಾಕ್ಟರೊಂದು ಹಾದುಹೋಯಿತು. ಅದರ ಸದ್ದು ಪೂರ್ತಿ ನಿಂತ ಮೇಲೆ ಗಾದ್ರಮ್ಮ ಬುಡನ್‌ಸಾಬನನ್ನು ನೋಡಿದಳು. “ಮೂವತ್ತಾರು ವರ್ಷ ಆ ಪುಣ್ಯಾತ್ಮನಿಗೆ ಶಾಪ ಹಾಕೀನಿ,” ಎಂದಳು.

“ನಿಮಗೆ ಇಷ್ಟ ಇಲ್ದಿದ್ರೆ ಬ್ಯಾಡ,” ಎಂದಳು ಮಮತಾ. “ಈಗ ಇಟ್ಟಂಗೇ ಇರ್ಲಿ.”

“ಕಲ್ಲು ತೆಗೆಸ್ರಿ. ನೆಲಕ್ಕೆ ಸ್ವಲ್ಪ ನೀರು ಹಾಕಿಸ್ರಿ.”

ಸಮಿತಿಯವರು ನಾಲ್ಕೈದು ಜನ ಸೇರಿ ಇಪ್ಪತ್ತೆರಡು ಕಲ್ಲನ್ನೂ ಎತ್ತಿ ಪಕ್ಕಕ್ಕಿಟ್ಟರು. ಗಾದ್ರಮ್ಮ ಗೇಟು ದಾಟಿ ಬಂದು ಚಪ್ಪಲಿ ಬಿಟ್ಟಳು. ಕೋಲನ್ನು ಮಮತಾಳ ಕೈಗೆ ಕೊಟ್ಟಳು. ಆಗ ತನಗೆ ಕೋಲು ಇರಲಿಲ್ಲ ಎಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಯ ಮೇಲೆ ಕೊಡ ಇರುವವಳ ಹಾಗೆ ಕತ್ತು ನೆಟ್ಟಗೆ ಮಾಡಿ ಹೊಂಡದ ಅಂಚಿಗೆ ಹೊರಟಳು. ಬಲಗಾಲು ದೂರ, ಎಡಗಾಲು ಹತ್ತಿರ ಮತ್ತು ತುಸು ಹೊರಗೆ. ಬುಡನ್‌ಸಾಬ್ ಹಿಂದೆಯೇ ಮಂಡಿಯೂರುತ್ತ, ಏಳುತ್ತ, ಒಂದೊಂದು ಹೆಜ್ಜೆಯ ಸುತ್ತಲೂ ಸುಣ್ಣದ ಪುಡಿ ಉದುರಿಸಿದ. ಹದಿನಾಲ್ಕನೆಯ ಹೆಜ್ಜೆಗೆ ಅವಳು ನಿಂತು ಉಸಿರು ತೆಗೆದುಕೊಂಡಳು. ಮಮತಾ ಮುಂದೆ ಬಂದಾಗ ಬೇಡವೆಂದು ಕೈ ಆಡಿಸಿದಳು.

ಸಂಜೆ ನಾಲ್ಕರ ಹೊತ್ತಿಗೆ ಕಲ್ಲುಗಳು ಆ ಗುರುತುಗಳ ಮೇಲೆ ಕೂತವು. ಗಾದ್ರಮ್ಮ ವಿಹಾರದ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದಳು. ಅಲುಗಾಡುತ್ತವೇನೋ ನೋಡೋಣವೆಂದು ಬುಡನ್‌ಸಾಬ್ ಮೊದಲು ತಾನೇ ಅವುಗಳ ಮೇಲೆ ನಡೆಯತೊಡಗಿದ. ಮೂರನೆಯ ಕಲ್ಲಿಗೇ ತೂಗಾಡಿ ಎರಡೂ ಕೈ ಅಗಲಿಸಿ ನಿಂತ. ಮುಂದಿನ ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. ಯಾರೂ ನಗಲಿಲ್ಲ.

ಗಾದ್ರಮ್ಮ ಲೋಟ ಕೆಳಗಿಟ್ಟಳು.

“ಎಡಗಾಲು ಗಿಡ್ಡ ಐತೆ ಅಂದ್ಕೊಂಡು ನಡೀರಿ, ಸಾಬ್ರೇ,” ಎಂದಳು. “ಬೀಳಲ್ಲ.”