ಅವ್ವನ ಪಾಲಿನ ಡ್ರೈವ್

ತೀರಿಹೋದ ಅವ್ವನ ಫೋಟೊಗಳನ್ನು ಇಡಲು ಹಳೆಯ ಕಂಪ್ಯೂಟರ್ ಚಾಲೂ ಮಾಡಿದೆ. ಬಿಸಿ ಧೂಳಿನ ವಾಸನೆಗೆ ಖೂಬಾ ಪ್ಲಾಟ್ ಬಡಾವಣೆಯಲ್ಲಿದ್ದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಅಪ್ಪ ಹಾರ್ಡ್ ಡಿಸ್ಕನ್ನು ಮನೆಯವರಿಗೆಲ್ಲ ಪಾಲು ಮಾಡಿದ್ದರು. ಡಿ ಡ್ರೈವ್ ತಮಗೆ, ಇ ನನಗೆ, ಎಫ್ ಅವ್ವನಿಗೆ. ಅವ್ವನ ಡ್ರೈವಿಗೆ ಆಕೆಯ ತವರು ಕಮಲಾಪುರದ ಹೆಸರಿಟ್ಟಿದ್ದರು. ನನ್ನದು ಆಟಗಳಿಂದ ತುಂಬಿ, ಹೊಸದೊಂದಕ್ಕೆ ಜಾಗವಿರಲಿಲ್ಲ.

"ಅವ್ವಂದು ಖಾಲಿ ಅದ, ಅದರಾಗ ಹಾಕ್ಲೇನು?" ಎಂದೆ.

ಅವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು, ತೆರೆಯ ಮೇಲಿನ ಬಿಳಿ ಜಾಗವನ್ನು ನೋಡಿದಳು.

"ಬ್ಯಾಡ. ಈ ಮನ್ಯಾಗ ನಂದು ಅಂತ ಇರೋದು ಇದೊಂದೇ ಖೋಲಿ."

"ಏನಿಡ್ತಿ ಅದರಾಗ?" ಅಪ್ಪ ನಕ್ಕರು.

"ಏನೂ ಇಡಂಗಿಲ್ರಿ. ಖಾಲಿನೇ ಇರ್ಲಿ."

ಈಗ ತೆರೆದು ನೋಡಿದರೂ ಅದು ಹಾಗೆಯೇ ಖಾಲಿ ಇತ್ತು. ನನ್ನ ಆಟಗಳನ್ನು ಅಳಿಸಿ, ಫೋಟೊಗಳನ್ನು ನನ್ನ ಡ್ರೈವಿನಲ್ಲಿಯೇ ಇಟ್ಟೆ.