ಬಿಡುವ ಜಾಗ

ಹೊಸ ಕ್ಯಾಸೆಟ್ಟಿನ ಮೊದಲ ಹಾಡು ಮುಗಿಯುವಷ್ಟರಲ್ಲೇ ರೋಜಾಳ ಮುಖ ಸಪ್ಪಗಾಯಿತು. ಅವಳ ಮೆಚ್ಚಿನ, ಇಂಗ್ಲೆಂಡಿನ ಅಬ್ಬರದ ಹೆವಿ ಮೆಟಲ್ ಸಂಗೀತದ ಹಳೇ ತಂಡ ಎಂಟು ವರ್ಷ ಸುಮ್ಮನಿದ್ದು ಈಗ ಆಲ್ಬಮ್ ತಂದಿತ್ತು. ನಂಜನಗೂಡಿನ ಕಾಲೇಜಿಗೆ ಹೋಗುವ ಹುಡುಗಿ, ಗೆಳತಿಯ ಕೈಕಾಲು ಹಿಡಿದು ಮೈಸೂರಿನಿಂದ ತರಿಸಿಕೊಂಡಿದ್ದಳು.

"ಡ್ರಮ್ಮಿನೋನು ಮುದುಕ ಆಗೋಗವ್ನೆ ಕಣಪ್ಪ. ಮೊದಲಿನ ಸ್ಪೀಡೇ ಇಲ್ಲ," ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು.

ಅಪ್ಪ ಮಂಟೇಸ್ವಾಮಿ ಗೋಡೆಯ ಮೊಳೆಗೆ ತೂಗುಹಾಕಿದ್ದ ತಮಟೆಯ ಧೂಳು ಒರೆಸುತ್ತಿದ್ದ. ಮೂವತ್ತು ವರ್ಷ ದೇವನೂರಿನ ತಂಡದ ಮುಂದೆ ನಿಂತು ಬಡಿದವನು, ಹೋದ ವರ್ಷ ಮೆರವಣಿಗೆಯ ನಡುವೆ ಹುಡುಗರ ವೇಗಕ್ಕೆ ಕೈ ಬಾರದೆ ತಾಳ ತಪ್ಪಿದ್ದ. ಅದು ಅವನನ್ನು ಚುಚ್ಚುತ್ತಲೇ ಇತ್ತು. ಇವತ್ತು ನರಸೀಪುರದಲ್ಲಿ ಅಂಬೇಡ್ಕರ್ ಜಯಂತಿಯ ಮೆರವಣಿಗೆ. ತಮಟೆಯನ್ನು ತಂಡದ ನಿಂಗರಾಜುವಿಗೇ ಕೊಟ್ಟುಬಿಡುವುದೆಂದು ತೀರ್ಮಾನಿಸಿ, ಬಂದು ಒಯ್ಯುವಂತೆ ಹೇಳಿಕಳಿಸಿದ್ದ. ಅದು ಮನೆ ಬಿಟ್ಟು ಹೋಗುವುದು ರೋಜಾಳಿಗೆ ಬೇಕಿರಲಿಲ್ಲ.

"ಆ ಡ್ರಮ್ಮಿನೋನ್ಗೆ ಎಷ್ಟು ವರ್ಸ?" ಅಪ್ಪ ಕೇಳಿದ.

"ನಿನ್ನ ವಾರಿಗೆಯೋನೇ."

"ಮೊದ್ಲು ಎಂಗ್ ಬಡೀತಿದ್ದ, ಆಕು ನೋಡ್ಮ."

ಹಳೆಯ ಕ್ಯಾಸೆಟ್ ಹಾಕಿದಳು, ಆಮೇಲೆ ಮತ್ತೆ ಹೊಸದು. ಮಂಟೇಸ್ವಾಮಿ ಟೇಪ್‌ರೆಕಾರ್ಡರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಮಾತೂ ತಿಳಿಯದ ಆ ಹಾಡುಗಳನ್ನು ಕಣ್ಣು ಮುಚ್ಚಿ ಕೇಳಿದ. ಬರಬರುತ್ತಾ ಬೆರಳುಗಳು ಮಂಡಿಯ ಮೇಲೆ ಆಡತೊಡಗಿದವು.

"ಹಳೇದ್ರಲ್ಲಿ ಸುಮ್ಕೆ ಚಚ್ಚವ್ನೆ ಕಣವ್ವ. ಇದ್ರಲ್ಲಿ ಬುಡೋ ಕಡೆ ಬಡೀದೆ ಬುಟ್ಟವ್ನೆ. ಮಿಕ್ಕೋರೆಲ್ಲಾ ಆ ಜಾಗಕ್ಕೇ ಬಂದು ಸೇರ್ತಾವ್ರೆ, ಕೇಳು."

ರೋಜಾ ಕೇಳಿದಳು. ಹೌದಲ್ಲ ಅನ್ನಿಸಿತು. ಇಷ್ಟು ಹೊತ್ತೂ ಇಲ್ಲದ ವೇಗವನ್ನೇ ಹುಡುಕುತ್ತಾ ಕೂತಿದ್ದೆನಲ್ಲ ಎಂದು ನಾಚಿಕೆಯಾಯಿತು.

ನಿಂಗರಾಜು ಬಂದಾಗ ಮೊಳೆ ಬರಿದಾಗಿತ್ತು. ಹಿತ್ತಲಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮ ಬಿಗಿಯಾಗಲೆಂದು ಮಂಟೇಸ್ವಾಮಿ ತಮಟೆ ಕಾಯಿಸುತ್ತಿದ್ದ.

"ಕಾಯ್ಸೇ ಕೊಡ್ತಿದ್ದೀಯಾ ಮಾವ?"

"ಕೊಡಾಕಲ್ಲ ಕಣ್ಲಾ. ನಾನೂ ಬತ್ತೀನಿ."

ನಿಂಗರಾಜು ತಲೆ ಕೆರೆದುಕೊಂಡ. "ತಂಡದ ಐಕ್ಳು ಬಲೇ ಬಿರುಸಾಗಿ ಬಡೀತವೆ ಮಾವ."

ಮಂಟೇಸ್ವಾಮಿ ಕಾದ ಚರ್ಮವನ್ನು ಬೆರಳಿನಿಂದ ಮೀಟಿ ನೋಡಿದ. "ಬಡೀಲಿ ಬುಡು. ಬಿರುಸು ಅವ್ರು ನೋಡ್ಕಳ್ಳಿ. ಬುಡೋ ಜಾಗ ನಾನು ನೋಡ್ಕತೀನಿ."